ಶೂನ್ಯ ಮಾಸದಲ್ಲಿ ಎಳೆದ ಲೈನು

ಕಪ್ಪು ತೆರೆಯ ಮೇಲೆ ‘ಕನೆಕ್ಟೆಡ್’ ಎಂದು ಬರುತ್ತಿತ್ತು. ಆಮೇಲೆ ಏನೂ ಬರುತ್ತಿರಲಿಲ್ಲ. ಕರ್ಸರ್ ಮಿನುಗುತ್ತ ಕೂತಿರುತ್ತಿತ್ತು, ಅದರೆದುರು ನಾನೂ ಕೂತಿರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೋಡೆಮ್ ತನಗೆ ತಾನೇ ಲೈನು ಕಡಿದುಕೊಳ್ಳುತ್ತಿತ್ತು. ಮತ್ತೆ ಡಯಲ್ ಮಾಡಬೇಕು, ಅದು ಮತ್ತೆ ಕಿರುಚಬೇಕು, ಮತ್ತೆ ‘ಕನೆಕ್ಟೆಡ್’ ಬರಬೇಕು. ಡಿಸೆಂಬರ್ ತಿಂಗಳ ಅರ್ಧವನ್ನು ನಾನು ಹೀಗೆ ಕಳೆದೆ.

ನಾನಿದ್ದದ್ದು ಸೊರಬ ತಾಲ್ಲೂಕಿನಲ್ಲಿ, ಉಳವಿಯಿಂದ ಆಚೆ ಕಾಡಿನ ಅಂಚಿನ ಒಂದು ಊರಿನ ಕ್ಲಿನಿಕ್ಕಿನಲ್ಲಿ. ಶಿಕಾರಿಪುರದ ಒಂದು ಟ್ರಸ್ಟ್ ಆಸ್ಪತ್ರೆ ನಡೆಸುತ್ತಿದ್ದ ಎರಡು ಕೋಣೆಯ ಕ್ಲಿನಿಕ್ಕು ಅದು. ಕಂಪ್ಯೂಟರ್‌ಗಳ ನಡುವೆ ಲೈನು ಎಳೆಯುವುದು ನನ್ನ ಕಸುಬು. ದಾವಣಗೆರೆಯಿಂದ ನನ್ನನ್ನು ಕರೆಸಿದ್ದರು. ಆಸ್ಪತ್ರೆಯ ಯಂತ್ರಕ್ಕೂ ಈ ಕ್ಲಿನಿಕ್ಕಿನ ಯಂತ್ರಕ್ಕೂ ಫೋನ್ ಲೈನಿನ ಮೇಲೆ ಸಂಪರ್ಕ ಮಾಡಿಕೊಡಬೇಕು, ನಡುವೆ ಯಾರು ಕದ್ದು ನೋಡಿದರೂ ಒಂದಕ್ಷರ ತಿಳಿಯಬಾರದು. ಕೇಳುವಾಗ ನಾಲ್ಕು ದಿನದ ಕೆಲಸ ಎನಿಸಿತ್ತು. ನಾಲ್ಕು ದಿನಕ್ಕೆ ಸಾಕಾಗುವಷ್ಟೇ ಬಟ್ಟೆ ತಂದಿದ್ದೆ.

ಇಷ್ಟು ಗುಟ್ಟು ಯಾಕೆಂದರೆ ಮಂಗನ ಕಾಯಿಲೆ. ಚಳಿ ಶುರುವಾಗಿ ಎಲೆ ಉದುರುವ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತವೆ, ಅವುಗಳ ಮೈಯ ಉಣುಗು ಮನುಷ್ಯರ ಮೈಗೆ ಹತ್ತುತ್ತದೆ, ಸೊಪ್ಪು ಸೌದೆಗೆ ಹೋದವರಿಗೆ ಜ್ವರ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅದು ಅಂಟುವುದಿಲ್ಲ. ಹಾಗೆಂದು ಹೇಳಿದರೆ ಜನ ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಕ್ಲಿನಿಕ್ಕಿನಲ್ಲಿ ತೆಗೆದ ರಕ್ತ ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಹೋಗುತ್ತಿತ್ತು, ಅಲ್ಲಿಂದ ಫಲಿತಾಂಶ ಶಿಕಾರಿಪುರದ ಆಸ್ಪತ್ರೆಗೆ ಬರುತ್ತಿತ್ತು. ಹಿಂದಿನ ವರ್ಷ ಕ್ಲಿನಿಕ್ಕಿಗೆ ಸ್ವಂತ ಫೋನ್ ಇರಲಿಲ್ಲ. ಆಸ್ಪತ್ರೆಯವರು ಎದುರಿನ ಕಿರಾಣಿ ಅಂಗಡಿಗೆ ಫೋನ್ ಮಾಡುತ್ತಿದ್ದರು. ಅಂಗಡಿಯವರು ಒಳ್ಳೆಯ ಮನುಷ್ಯರೇ. ತಕ್ಕಡಿ ಕೈಯಲ್ಲಿ ಹಿಡಿದೇ ರಸ್ತೆಯ ಆಚೆಗೆ ಕೂಗಿ ಹೇಳಿದರು, ಇಂಥವರ ಮನೆಯ ಇಂಥವರದು ಪಾಸಿಟಿವ್ ಅಂತೆ ಎಂದು. ಅವತ್ತಿನಿಂದ ಆ ಮನೆಯ ಭತ್ತವನ್ನು ಮಿಲ್ಲಿನವರು ಮುಟ್ಟಲಿಲ್ಲ. ಅವರ ಗದ್ದೆಗೆ, ಕೆಲಸಕ್ಕೆ ಕೆಲಸ ಎಂದು ಬರುವ ಮುಯ್ಯಾಳು ಬರಲಿಲ್ಲ. ಅದನ್ನು ಕಂಡ ಇನ್ನೊಂದು ಮನೆಯ ಹೆಂಗಸು ಜ್ವರ ಬಂದದ್ದನ್ನೇ ಮುಚ್ಚಿಟ್ಟಳು. ಮೂಗಿನಲ್ಲಿ ರಕ್ತ ಬಂದ ಮೇಲೆ ಹೊತ್ತು ತಂದರು, ಉಳಿಯಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವರು ಕ್ಲಿನಿಕ್ಕಿನ ಸಿಸ್ಟರ್. ವಾರಕ್ಕೊಮ್ಮೆ ಡಾಕ್ಟರ್ ಬಂದು ಹೋಗುತ್ತಿದ್ದರು, ಉಳಿದ ದಿನ ಕ್ಲಿನಿಕ್ಕು ಎಂದರೆ ಸಿಸ್ಟರೇ. ಕ್ಯಾಸನೂರು ಕಡೆಯ ರೈತರ ಮನೆಯವರು, ನನಗಿಂತ ಸ್ವಲ್ಪ ದೊಡ್ಡವರು. ನಾನು ಮೇಜಿನ ಕೆಳಗೆ ವೈರ್ ಸಿಕ್ಕಿಸುತ್ತಿರುವಾಗ ಬಂದು ನಿಂತು ಹೇಳಿದರು:

“ಕ್ಯಾಸನೂರು ಕಾಡಿನ ಜ್ವರ ಅಂತ ನಮ್ಮೂರಿನ ಹೆಸರನ್ನೇ ರೋಗಕ್ಕೆ ಇಟ್ಬಿಟ್ರು ನೋಡಿ. ಹೆಸರು ಒಂದ್ಸಲ ಅಂಟಿದ್ರೆ ಎಂಥ ಆಗ್ತದೆ ಅಂತ ನಂಗೆ ಯಾರೂ ಹೇಳ್ಕೊಡೋದು ಬ್ಯಾಡ. ಈ ವರ್ಷ ಮನೆ ಮನೆಗೆ ಹೋಗಿ ಮಾತು ಕೊಟ್ಟಿದೀನಿ, ನಿಮ್ಮ ಹೆಸರು ನನ್ನ ಬಾಯಿಂದ ಹೊರಗೆ ಬರಲ್ಲ, ರಕ್ತ ಕೊಡಿ ಅಂತ. ಅದ್ಕೆ ಕೊಡ್ತಿದಾರೆ. ಮಾತು ತಪ್ಪಿದ್ರೆ ನಾಳೆಯಿಂದ ಒಬ್ರೂ ತೋಳು ಚಾಚಲ್ಲ.”

ಈಗ ಕ್ಲಿನಿಕ್ಕಿಗೆ ಫೋನ್ ಬಂದಿತ್ತಲ್ಲ, ಅದರಲ್ಲೇ ಹೇಳಬಹುದಲ್ಲ ಎಂದು ನಾನೂ ಕೇಳಿದ್ದೆ. ಆದರೆ ಆ ಲೈನಿನಲ್ಲಿ ಕೂಗದೆ ಮಾತಾಡಿದವರಿಲ್ಲ. ಆಸ್ಪತ್ರೆಯ ಫೋನ್ ಇದ್ದದ್ದು ಚೀಟಿ ಬರೆಸುವ ಕಿಟಕಿಯ ಪಕ್ಕ. ಅಲ್ಲಿ ನಿಂತು ಒಬ್ಬರು ಹೆಸರು ಕೂಗಿದರೆ ಅರ್ಧ ತಾಲ್ಲೂಕಿಗೆ ಕೇಳಿಸುತ್ತಿತ್ತು.

ತೊಡಕು ಇನ್ನೂ ಒಂದಿತ್ತು. ಆಸ್ಪತ್ರೆಯ ಲೈನು ಯಾವಾಗಲೂ ಎಂಗೇಜ್. ಆದ್ದರಿಂದ ಮೋಡೆಮನ್ನು ಪಕ್ಕದ ಕಟ್ಟಡದ ಕಂಪ್ಯೂಟರ್ ಕ್ಲಾಸಿನಲ್ಲಿ ಇಟ್ಟು, ಅಲ್ಲಿಂದ ಕಾಂಪೌಂಡಿನ ಮೇಲೆ ಆಸ್ಪತ್ರೆಗೆ ಕೇಬಲ್ ಎಳೆದಿದ್ದೆವು. ಕ್ಲಾಸಿಗೆ ಬರುವವರೆಲ್ಲ ಅದೇ ಕೇಬಲ್ಲಿಗೆ ಸೇರಿದ ಯಂತ್ರಗಳ ಮುಂದೆ ಕೂತು ಕಲಿಯುವವರು. ಕಲಿಯುವ ಉತ್ಸಾಹದಲ್ಲಿ ಅವರು ಏನೇನು ತೆರೆದು ನೋಡುತ್ತಾರೆ ಎಂದು ಹೇಳಲಾಗದು. ಹಾಗಾಗಿ ಕ್ಲಿನಿಕ್ಕಿನ ಯಂತ್ರದಲ್ಲಿ ಮುಚ್ಚಿದ ಮಾತು ಆಸ್ಪತ್ರೆಯ ಯಂತ್ರದಲ್ಲೇ ತೆರೆಯಬೇಕು, ನಡುವೆ ಎಲ್ಲಿಯೂ ಅಲ್ಲ.

ಅದನ್ನು ಪರೀಕ್ಷಿಸಲು ನನ್ನ ಬಳಿ ಇದ್ದ ಹತಾರ ಎಸ್-ಕ್ಲೈಂಟ್ ಎಂಬ ಪುಟ್ಟ ಪ್ರೋಗ್ರಾಮು. ಅದಕ್ಕೆ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಅದರ ಹೆಸರು, ಆ ಕಡೆಯ ಯಂತ್ರದ ವಿಳಾಸ, ಪೋರ್ಟಿನ ಸಂಖ್ಯೆ ಇಷ್ಟನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಹೋಗಿ ಬಾಗಿಲು ತಟ್ಟುತ್ತದೆ. ಆ ಕಡೆಯವರು ತಮ್ಮ ಗುರುತಿನ ಪ್ರಮಾಣಪತ್ರ ತೋರಿಸಬೇಕು. ಅದನ್ನು ಇದು ಓದಿ, ನಮ್ಮ ಬಳಿ ಇರುವ ಮೂಲ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ, ಯಾವ ಗೂಢಲಿಪಿಯಲ್ಲಿ ಮಾತಾಡುವುದೆಂದು ಒಪ್ಪಂದ ಮಾಡಿಕೊಂಡು, ನಡೆದದ್ದನ್ನೆಲ್ಲ ಸಾಲು ಸಾಲಾಗಿ ವರದಿ ಒಪ್ಪಿಸುತ್ತದೆ. ಸುಳ್ಳು ಹೇಳುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಅಂಥವರ ಜೊತೆ ಕೆಲಸ ಮಾಡುವುದು ಬಹಳ ದಣಿವಿನ ಸಂಗತಿ.

ಮೊದಲು ಲೈನಿನ ಗದ್ದಲವೇ ಕಾರಣ ಎಂದುಕೊಂಡೆ. ಕಂಬದಿಂದ ಕೋಣೆಯವರೆಗಿನ ತಂತಿ ಬದಲಿಸಿದೆ. ಮೋಡೆಮಿನ ವೇಗ ಇಳಿಸಿದೆ, ಇನ್ನೂ ಇಳಿಸಿದೆ. ಕರೆಂಟು ಹೋದಾಗ ಕಾದೆ. ಎಲ್ಲಕ್ಕಿಂತ ಜೀವ ಹಿಂಡಿದ್ದು ಬೇರೆಯೇ: ಕ್ಲಿನಿಕ್ಕಿಗೆ ಇದ್ದದ್ದು ಒಂದೇ ಲೈನು. ಮೋಡೆಮ್ ಮಾತಾಡುವಾಗ ನಾನು ಮಾತಾಡುವಂತಿಲ್ಲ. ಆ ಕಡೆ ಏನಾಗಿದೆ ಎಂದು ಆಸ್ಪತ್ರೆಯ ಕಂಪ್ಯೂಟರ್ ಆಪರೇಟರನ್ನು ಕೇಳಬೇಕಾದರೆ ಸಂಪರ್ಕ ಕಡಿದು, ಫೋನ್ ಮಾಡಿ, ಚೀಟಿ ಕಿಟಕಿಯವರು ಹೋಗಿ ಅವನನ್ನು ಕರೆತರುವವರೆಗೆ ಕಾದು, ಕೂಗಿ ಹೇಳಿ, ಇಟ್ಟು, ಮತ್ತೆ ಡಯಲ್ ಮಾಡಬೇಕು. ಅಷ್ಟರಲ್ಲಿ ಅವನು ನೋಡಬೇಕಾದದ್ದು ಮಾಯವಾಗಿರುತ್ತಿತ್ತು.

ಕೊನೆಗೆ ಹೊಳೆದದ್ದು ಸಣ್ಣ ವಿಷಯ. ಸಣ್ಣ ಸಣ್ಣ ಮಾತುಗಳು ಎರಡೂ ಕಡೆಯಿಂದ ಸರಾಗವಾಗಿ ಹೋಗುತ್ತಿದ್ದವು, ಪ್ರಮಾಣಪತ್ರ ಬರುವ ಹೊತ್ತಿಗೆ ನಿಲ್ಲುತ್ತಿತ್ತು. ಆ ದಾರಿಯಲ್ಲಿ ಬರುವ ಮೊದಲ ದೊಡ್ಡ ಮೂಟೆ ಅದೇ. ಆಸ್ಪತ್ರೆಯ ಯಂತ್ರ ಕಟ್ಟುವ ಮೂಟೆ ಫೋನ್ ಲೈನಿನ ಕಿಂಡಿಗಿಂತ ದೊಡ್ಡದು, ನಡುವಿನ ಯಂತ್ರ ಅದನ್ನು ಒಡೆಯುತ್ತಲೂ ಇರಲಿಲ್ಲ, ಹಿಡಿಸುವುದಿಲ್ಲ ಎಂದು ತಿರುಗಿ ಹೇಳುತ್ತಲೂ ಇರಲಿಲ್ಲ. ಶಿಕಾರಿಪುರಕ್ಕೆ ಹೋಗಿ ಮೂಟೆಯ ಅಳತೆ ಇಳಿಸಿ, ಮತ್ತೆ ಬಸ್ಸು ಹತ್ತಿ ವಾಪಸು ಬಂದೆ. ಶಿರಾಳಕೊಪ್ಪದಲ್ಲಿ ಇಳಿದು ಹತ್ತುವಷ್ಟರಲ್ಲಿ ಸೊಂಟ ನನ್ನದಲ್ಲ ಎನಿಸಿತ್ತು.

ಈ ಸಲ ‘ಕನೆಕ್ಟೆಡ್’ ಆದ ಮೇಲೆ ಸಾಲುಗಳು ಸುರಿಯತೊಡಗಿದವು. ಸಿಸ್ಟರ್ ಸ್ಟೌ ಆರಿಸಿ ಓಡಿ ಬಂದರು. ಪ್ರಮಾಣಪತ್ರ ಬಂತು, ಗೂಢಲಿಪಿ ಕೂಡಿತು. ಕೊನೆಯಲ್ಲಿ ಒಂದು ಸಾಲು: ಪ್ರಮಾಣಪತ್ರ ಇನ್ನೂ ಊರ್ಜಿತವಾಗಿಲ್ಲ.

“ಏನಂತೆ?” ಎಂದರು ಸಿಸ್ಟರ್.

“ಆ ಕಡೆಯವರ ಗುರುತಿನ ಚೀಟಿ ಇನ್ನೂ ಜಾರಿಗೆ ಬಂದಿಲ್ಲವಂತೆ.”

“ಅಂದ್ರೆ?”

“ಅಂದರೆ ನನಗೂ ಗೊತ್ತಿಲ್ಲ.”

ಹಾಳಾದ ತಾರೀಖು ನಮ್ಮದೇ ಇರಬೇಕೆಂದು ಕ್ಲಿನಿಕ್ಕಿನ ಯಂತ್ರದ ಗಡಿಯಾರ ನೋಡಿದೆ. ಅಂಥ ಯಂತ್ರಗಳ ಬ್ಯಾಟರಿ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಗೋಡೆಯ ಕ್ಯಾಲೆಂಡರಿಗೆ ಹೋಲಿಸಿದೆ, ರೇಡಿಯೋ ವಾರ್ತೆಯ ವೇಳೆಗೆ ಹೋಲಿಸಿದೆ. ಎಲ್ಲ ಸರಿ. ಆಮೇಲೆ ಎಸ್-ಕ್ಲೈಂಟ್ ತಂದ ಪ್ರಮಾಣಪತ್ರವನ್ನೇ ಕಡತಕ್ಕೆ ಇಳಿಸಿ, ಬಿಡಿಸಿ ಓದಿದೆ. ಯಾವತ್ತಿನಿಂದ ಊರ್ಜಿತ ಎಂಬಲ್ಲಿ ಸಂಕ್ರಾಂತಿ ಕಳೆದ ಮೇಲಿನ ತಾರೀಖು ಇತ್ತು. ನಾವಿನ್ನೂ ಡಿಸೆಂಬರಿನಲ್ಲಿದ್ದೆವು.

ಸಂಪರ್ಕ ಕಡಿದು ಫೋನ್ ಮಾಡಿದೆ. ಪ್ರಮಾಣಪತ್ರ ತಯಾರಿಸಿದವನು ಆಪರೇಟರ್. ನಾನು ಸೊರಬದಲ್ಲಿ ತಂತಿ ಎಳೆಯುತ್ತಿದ್ದ ದಿನ, ನಾನು ಬರೆದುಕೊಟ್ಟ ಕ್ರಮದಂತೆ ಮಾಡಿ, ಮೂಲ ಪ್ರಮಾಣಪತ್ರದ ಒಂದು ಪ್ರತಿಯನ್ನು ಬಸ್ಸಿನಲ್ಲಿ ಕಳಿಸಿದ್ದ.

“ಸರ್ಟಿಫಿಕೇಟ್ ಯಾವತ್ತು ಮಾಡಿದ್ದು?” ಎಂದು ಕೂಗಿದೆ.

“ಅವತ್ತಾ ಮಾಡೀನ್ರೀ ಸರ್, ನೀವು ಸೊರಬಕ್ಕ ಹೋದ ದಿವಸ!”

“ಇದರಲ್ಲಿ ಮುಂದಿನ ತಿಂಗಳ ತಾರೀಖು ಇದೆಯಲ್ರೀ?”

ಅವನು ದನಿ ತಗ್ಗಿಸಿ, “ನೀವು ಇಲ್ಲಿಗೆ ಬರ್ರಿ ಸರ್, ಹೇಳ್ತೀನಿ. ಇಲ್ಲಿ ಮಂದಿ ನಿಂತಾರೆ,” ಎಂದ.

ಮರುದಿನ ಮತ್ತೆ ಶಿಕಾರಿಪುರ. ಆಪರೇಟರ್ ನನ್ನನ್ನು ಔಷಧಿ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ವಿಷಯ ಬಿಚ್ಚಿದ. ಟ್ರಸ್ಟಿನ ಕಾರ್ಯದರ್ಶಿ, ಎಲ್ಲರೂ ಯಜಮಾನರು ಎಂದು ಕರೆಯುವ ಬಟ್ಟೆ ವ್ಯಾಪಾರಿಯೊಬ್ಬರು, ಶೂನ್ಯ ಮಾಸದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದಿದ್ದರಂತೆ. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಅಂಗಡಿ ತೆರೆಯುವುದಿಲ್ಲ. ಆದರೆ ಜ್ವರದ ಕಾಲವೂ ಅದೇ. ಯಜಮಾನರಿಗೂ ನನಗೂ ನೋವಾಗದ ಉಪಾಯವೊಂದನ್ನು ಆಪರೇಟರ್ ಕಂಡುಹಿಡಿದ. ಆಸ್ಪತ್ರೆಯ ಯಂತ್ರದ ತಾರೀಖನ್ನು ಸಂಕ್ರಾಂತಿಯ ಆಚೆಗೆ ತಳ್ಳಿ, ಯಜಮಾನರನ್ನು ಕರೆದು, ಯಂತ್ರಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅವರ ಕೈಯಲ್ಲೇ ಗುಟ್ಟಿನ ಪದ ಒತ್ತಿಸಿ ಪ್ರಮಾಣಪತ್ರ ಮಾಡಿಸಿದ್ದ. ಯಜಮಾನರು ತೆರೆಯ ಮೇಲಿನ ತಾರೀಖು ನೋಡಿ ಸಮಾಧಾನದಿಂದ ಅಂಗಡಿಗೆ ಹೋದ ಮೇಲೆ ತಾರೀಖನ್ನು ಹಿಂದಕ್ಕೆ ತಂದಿದ್ದ.

“ಯಂತ್ರದಾಗ ಮುಹೂರ್ತ ಚಲೋ ಇತ್ತು ಸರ್,” ಎಂದ, ತಪ್ಪು ಯಾರದೆಂದು ನಿಜವಾಗಿಯೂ ತಿಳಿಯದವನ ಹಾಗೆ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಎಷ್ಟು ದಿನದ ಬಸ್ಸು, ಎಷ್ಟು ಸಲದ ಡಯಲ್ಲು, ಎಲ್ಲವೂ ಕಣ್ಣೆದುರು ಬಂತು. ಅಲ್ಲಿದ್ದ ಗ್ಲೂಕೋಸ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಅವನ ಬಳಿ ಪರಿಹಾರವೂ ಇತ್ತು. “ಸೊರಬದ ಮಷೀನಿನ ತಾರೀಖೂ ಮುಂದಕ್ಕ ಇಟ್ಟುಬಿಡ್ರಿ. ಎರಡೂ ಸಮ ಆಗ್ತಾವು.”

“ಆಗ ಸಿಸ್ಟರ್ ಇವತ್ತು ತೆಗೆದ ರಕ್ತ ಮುಂದಿನ ತಿಂಗಳು ತೆಗೆದದ್ದು ಅಂತ ಯಂತ್ರ ಬರೆದುಕೊಳ್ಳುತ್ತದೆ. ಜ್ವರ ಎಷ್ಟನೇ ದಿನದ್ದು ಅನ್ನುವುದರ ಮೇಲೇ ಲ್ಯಾಬಿನವರು ನೋಡುವುದು. ಬೇಡ.”

“ಹಂಗಾರ ಆ ಚೆಕ್ ಮಾಡೋದನ್ನ ತೆಗೀರಿ. ಅಕ್ಷರ ಹೆಂಗೂ ಮುಚ್ಚೇ ಹೋಗ್ತಾವಲ್ಲ?”

ಅವನು ಹೇಳಿದ್ದು ಸುಳ್ಳಲ್ಲ. ಎಸ್-ಕ್ಲೈಂಟ್ ತಪ್ಪನ್ನು ಹೇಳಿಯೂ ಸಂಪರ್ಕವನ್ನು ಮುಂದುವರಿಸುತ್ತಿತ್ತು. ತಪ್ಪು ಕಂಡರೆ ನಿಲ್ಲಿಸು ಎಂದು ಕಟ್ಟಪ್ಪಣೆ ಮಾಡಿದ್ದು ಅದರ ಸುತ್ತ ನಾನು ಬರೆದ ನಾಲ್ಕು ಸಾಲು. ಅದರಲ್ಲಿ ಒಂದನ್ನು ಅಳಿಸಿದರೆ ಮಧ್ಯಾಹ್ನದ ಬಸ್ಸಿಗೆ ದಾವಣಗೆರೆಗೆ ಹೊರಡಬಹುದಿತ್ತು. ನನ್ನ ದಣಿವು ಆ ಸಾಲನ್ನು ಅಳಿಸು ಎಂದೇ ಹೇಳುತ್ತಿತ್ತು. ಆದರೆ ಲಕೋಟೆಗೆ ಅಂಟು ಹಾಕಿದರೆ ಸಾಲದು, ಯಾರ ಕೈಗೆ ಕೊಟ್ಟೆವು ಎನ್ನುವುದೂ ಗೊತ್ತಿರಬೇಕು. ಪರಿಶೀಲನೆ ಇಲ್ಲದಿದ್ದರೆ ಕಂಪ್ಯೂಟರ್ ಕ್ಲಾಸಿನ ಯಾವ ಯಂತ್ರ ಬೇಕಾದರೂ ನಾನೇ ಆಸ್ಪತ್ರೆ ಎನ್ನಬಹುದು, ಸಿಸ್ಟರ್ ಕಳಿಸುವ ಹೆಸರುಗಳನ್ನು ಬಿಚ್ಚಿ ಓದಿ, ಮತ್ತೆ ಮುಚ್ಚಿ ಮುಂದೆ ಸಾಗಿಸಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಸಿಸ್ಟರಿಗೆ ಮಾತ್ರ ಮಾತು ತಪ್ಪಿದಂತಾಗುತ್ತದೆ, ಅದು ಅವರಿಗೇ ಗೊತ್ತಿಲ್ಲದೆ.

“ಆ ಸಾಲು ತೆಗೆಯುವುದಿಲ್ಲ,” ಎಂದೆ. “ಇವತ್ತಿನ ತಾರೀಖಿನಲ್ಲಿ ಹೊಸ ಪ್ರಮಾಣಪತ್ರ ಮಾಡೋಣ. ಯಜಮಾನರನ್ನು ಕರೆಯಿರಿ.”

ಪ್ರಮಾಣಪತ್ರಕ್ಕೆ ಮುದ್ರೆಯೊತ್ತುವ ಮೂಲದ ಬೀಗದ ಕೈ ತೆರೆಯುವ ಗುಟ್ಟಿನ ಪದ ಯಜಮಾನರೊಬ್ಬರಿಗೇ ಗೊತ್ತಿತ್ತು. ಆ ನಿಯಮ ನನ್ನದೇ. ಆಪರೇಟರ್ ಬಿಳಿಚಿಕೊಂಡ. “ನಾ ಕರೆಯಂಗಿಲ್ಲ ಸರ್. ನೀವಾ ಹೋಗ್ರಿ.”

ಹೊರಗೆ ಬಂದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಸ್ಟರ್ ಕೂತಿದ್ದರು. ನನ್ನ ಹಿಂದಿನ ಬಸ್ಸಿಗೇ ಹೊರಟು ಬಂದಿದ್ದರು. ಲ್ಯಾಬಿನಿಂದ ಫಲಿತಾಂಶ ಬಂದು ಆಸ್ಪತ್ರೆಯಲ್ಲಿ ಕೂತಿದೆ, ಇನ್ನೂ ತಡವಾದರೆ ಫೋನಿನಲ್ಲೇ ಹೇಳಿಬಿಡಿ ಎಂದು ಯಜಮಾನರು ಹೇಳಿದ್ದಾರೆ ಎಂಬ ಸುದ್ದಿ ಬೆಳಿಗ್ಗೆ ನಾನು ಹೊರಟ ಮೇಲೆ ಅವರಿಗೆ ತಲುಪಿತ್ತು.

“ಇವತ್ತಿನ ಮಟ್ಟಿಗೆ ನಾನೇ ಒಯ್ಬಹುದು,” ಎಂದರು. “ಪ್ರತಿ ಸಲ ಕ್ಲಿನಿಕ್ ಬಾಗಿಲು ಹಾಕ್ಕೊಂಡು ಬರೋಕಾಗ್ತದಾ? ನಾನು ಬಸ್ ಹತ್ತಿದ್ರೆ ಸಾಕು, ರಿಸಲ್ಟ್ ಬಂತು ಅಂತ ಇಡೀ ಊರಿಗೆ ಗೊತ್ತಾಗ್ತದೆ.”

ಇಬ್ಬರೂ ಯಜಮಾನರ ಅಂಗಡಿಗೆ ಹೋದೆವು. ಅವರು ಬಿಳಿ ಹಾಸಿನ ಮೇಲೆ ಕೂತು ಯಾರಿಗೋ ಪಂಚೆ ಬಿಡಿಸಿ ತೋರಿಸುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದು, ನಡೆದದ್ದನ್ನು ಆಪರೇಟರನ ಮೇಲೆ ಸಿಟ್ಟು ಬಾರದ ಹಾಗೆ ಹೇಳಿದೆ. ಬಹಳ ಹೊತ್ತು ಪಂಚೆ ಮಡಿಸಿದರು.

“ನಾವು ಶರಣರ ಮಾರ್ಗದವರು ರೀ. ತಿಥಿ, ವಾರ, ನಕ್ಷತ್ರ ಇವನ್ನೆಲ್ಲ ನಂಬಂಗಿಲ್ಲ,” ಎಂದರು. “ಆದ್ರೂ ಹತ್ತು ಮಂದಿ ನಡುವೆ ಬದುಕಬೇಕಲ್ಲ. ನಾಳೆ ಏನರ ಹೆಚ್ಚುಕಡಿಮೆ ಆತು ಅಂದ್ರ, ಶೂನ್ಯ ಮಾಸದಾಗ ಮುಟ್ಟಿದ್ರು ಅಂತಾರೆ. ಇನ್ನೆಷ್ಟು ದಿವಸ, ಸಂಕ್ರಾಂತಿ ಬಂದಾ ಬರ್ತೈತಿ. ಅಲ್ಲೀತನಕ ಫೋನ್ ಮಾಡಿ ಹೇಳೂಣು.”

ಪ್ರಮಾಣಪತ್ರ, ಪರಿಶೀಲನೆ, ನಡುವಿನ ಯಂತ್ರ ಎಂದು ನಾನು ಏನೇನೋ ಶುರು ಮಾಡಿದೆ. ಅವರ ಕಿವಿಗೆ ಅದು ಹೋಗುತ್ತಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ ಸಿಸ್ಟರ್ ಮುಂದೆ ಬಂದರು.

“ಹೋದ ವರ್ಷ ಜ್ವರ ಮುಚ್ಚಿಟ್ಟ ಆ ಹೆಂಗಸನ್ನ ಮಣ್ಣು ಮಾಡಿದ್ದೂ ಶೂನ್ಯ ಮಾಸದಲ್ಲೇ ಯಜಮಾನ್ರೇ,” ಎಂದರು. “ಅವತ್ತು ಯಾರೂ ಮುಹೂರ್ತ ಕೇಳ್ಲಿಲ್ಲ. ಸಂಕ್ರಾಂತಿ ತನಕ ಫೋನಲ್ಲಿ ಹೇಳಿದ್ರೆ, ಸಂಕ್ರಾಂತಿ ಆದ್ಮೇಲೆ ನಿಮ್ಮ ಮಷೀನಿಗೆ ಹಾಕೋಕೆ ಒಂದು ಹೆಸರೂ ಇರಲ್ಲ. ಯಾರೂ ರಕ್ತ ಕೊಡಲ್ಲ.”

ಯಜಮಾನರು ಅವರನ್ನೇ ನೋಡಿದರು. ಸಿಸ್ಟರ್ ದನಿ ಏರಿಸಿರಲಿಲ್ಲ, ಕಣ್ಣು ತಗ್ಗಿಸಿರಲಿಲ್ಲ. ಯಜಮಾನರು ಪಂಚೆ ಬದಿಗಿಟ್ಟು ನನ್ನ ಕಡೆ ತಿರುಗಿದರು.

“ಬೀಗದ ಕೈ ಹೊಸದು ಮಾಡಬೇಕೇನ್ರಿ?”

“ಇಲ್ಲ. ಹಳೆಯ ಕೈಯೇ ಸಾಕು. ಅದರಿಂದ ಇವತ್ತಿನ ತಾರೀಖಿನ ಪತ್ರ ಬರೆಯುವುದು.”

“ಅಂದ್ರ ಶುರು ಮಾಡೋದು ಏನೂ ಇಲ್ಲ. ಕೆಟ್ಟದ್ದನ್ನ ಸರಿ ಮಾಡೋದು, ಹೌದಲ್ಲ? ಸೋರೋ ಮನಿಗೆ ಹೆಂಚು ಹೊದಿಸಾಕ ಶೂನ್ಯ ಮಾಸ ಅಡ್ಡ ಬರಂಗಿಲ್ಲ.”

“ಬರುವುದಿಲ್ಲ,” ಎಂದೆ. ಪಂಚಾಂಗದ ಬಗ್ಗೆ ನಾನು ಕೊಟ್ಟ ಮೊದಲ ಮತ್ತು ಕೊನೆಯ ಅಭಿಪ್ರಾಯ ಅದು.

ಅವರು ಟೋಪಿ ಹಾಕಿಕೊಂಡು ನಮ್ಮೊಂದಿಗೆ ಆಸ್ಪತ್ರೆಗೆ ಬಂದರು. ಒಂದು ಬೆರಳಿನಲ್ಲಿ ಗುಟ್ಟಿನ ಪದ ಒತ್ತುವಾಗ ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುವುದು ಅವರ ಅಭ್ಯಾಸ. ಆಪರೇಟರ್, ಸಿಸ್ಟರ್, ನಾನು ಮೂವರೂ ಹೊರಗೆ ಹೋಗಿ ನಿಂತೆವು. ಮೊದಲ ಸಲ ತಪ್ಪಾಯಿತು, ಎರಡನೆಯ ಸಲವೂ. ಒಳಗಿನಿಂದ “ಥೂ ಇದರ!” ಎಂಬ ಸದ್ದು ಕೇಳಿಸಿತು. ಆಮೇಲೆ, “ಬರ್ರಿ, ತಗೊಂಡೈತಿ,” ಎಂದರು.

ಹೊಸ ತಾರೀಖಿನ ಮೂಲ ಪ್ರಮಾಣಪತ್ರ ಮಾಡಿ, ಅದರಿಂದ ಆಸ್ಪತ್ರೆಯ ಯಂತ್ರಕ್ಕೆ ಇನ್ನೊಂದು ಬರೆದೆ. ಊರ್ಜಿತದ ದಿನ ಎರಡೆರಡು ಸಲ ಓದಿದೆ. ಆಸ್ಪತ್ರೆಯ ಒಳಗಿನಿಂದಲೇ ಎಸ್-ಕ್ಲೈಂಟ್ ಓಡಿಸಿ ನೋಡಿದೆ, ಸರಿ ಎಂದಿತು. ಇನ್ನು ಮೂಲದ ಪ್ರತಿ ಕ್ಲಿನಿಕ್ಕಿಗೆ ಹೋಗಬೇಕು. ಅದನ್ನು ಲೈನಿನ ಮೇಲೆ ಕಳಿಸುವಂತಿಲ್ಲ, ಯಾವುದರಿಂದ ಲೈನನ್ನು ನಂಬಬೇಕೋ ಅದೇ ನಂಬದ ಲೈನಿನಲ್ಲಿ ಬಂದರೆ ಏನು ಬಂತು? ಒಂದಕ್ಕೆ ಎರಡು ಫ್ಲಾಪಿಗೆ ತುಂಬಿ ಜೇಬಿನಲ್ಲಿಟ್ಟುಕೊಂಡೆ. ಸಿಸ್ಟರ್ ಜೊತೆಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಾನು ತೂಕಡಿಸಿದೆ, ಅವರು ಕಿಟಕಿಯಾಚೆ ನೋಡುತ್ತಿದ್ದರು.

ಕ್ಲಿನಿಕ್ಕಿನ ಬೆಂಚಿನಲ್ಲಿ ಆಗಲೇ ಏಳೆಂಟು ಮಂದಿ ಕೂತಿದ್ದರು. ಸಿಸ್ಟರ್ ಶಿಕಾರಿಪುರಕ್ಕೆ ಹೋದದ್ದು ತಿಳಿದು, ರಕ್ತ ಕೊಟ್ಟವರು ಬಂದು ಕಾಯುತ್ತಿದ್ದರು. ಮೊದಲ ಫ್ಲಾಪಿ ಓದಿಕೊಳ್ಳಲಿಲ್ಲ, ಬಸ್ಸಿನ ಧೂಳು ಕುಡಿದಿತ್ತು. ಎರಡನೆಯದು ಓದಿಕೊಂಡಿತು. ಅದು ಆಸ್ಪತ್ರೆಯಲ್ಲಿ ಮಾಡಿದ್ದೇ ಹೌದೋ, ಒಂದಕ್ಷರವೂ ಕೆಡದೆ ಬಂದಿದೆಯೋ ಎಂದು ಖಾತ್ರಿ ಮಾಡಿಕೊಳ್ಳಲು ಫೋನ್ ಮಾಡಿ, ಪ್ರಮಾಣಪತ್ರದ ಬೆರಳ ಗುರುತಿನಂತಿರುವ ಸಂಖ್ಯೆಯ ಸರಣಿಯನ್ನು ಆಪರೇಟರನಿಂದ ಓದಿಸಿಕೊಂಡೆ. ಅವನು ಅಲ್ಲಿ ಕೂಗಿದ, ನಾನು ಇಲ್ಲಿ ಒಂದೊಂದನ್ನೂ ತಿರುಗಿ ಕೂಗಿದೆ. ಎದುರಿನ ಅಂಗಡಿಯವರೂ ಕಿವಿಗೊಟ್ಟು ಕೇಳಿದರು. ಆ ಸಂಖ್ಯೆ ಯಾರಿಗೆ ಗೊತ್ತಾದರೂ ನಷ್ಟವಿಲ್ಲ. ಆ ಲೈನಿನಲ್ಲಿ ಕೂಗಿ ಹೇಳಲು ತಕ್ಕ ಮಾತು ಕೊನೆಗೊಂದು ಸಿಕ್ಕಿತಲ್ಲ ಎನಿಸಿತು.

ಡಯಲ್ ಮಾಡಿದೆ. ಕನೆಕ್ಟೆಡ್. ಸಾಲುಗಳು ಸುರಿದವು. ಕೊನೆಯ ಸಾಲು: ಪರಿಶೀಲನೆಯ ಫಲ ಸೊನ್ನೆ, ಓಕೆ. ಈ ಪ್ರೋಗ್ರಾಮಿನಲ್ಲಿ ಸೊನ್ನೆ ಎಂದರೆ ತಪ್ಪಿಲ್ಲ ಎಂದರ್ಥ. ಸಂತೋಷವಾಯಿತೇ ಎಂದು ಕೇಳಿದರೆ, ಮಲಗಬೇಕು ಎನಿಸಿತು, ಅಷ್ಟೇ.

“ಈಗ ಎಂಟರ್ ಒತ್ತಿದರೆ ರಿಸಲ್ಟ್ ಬರುತ್ತದೆ,” ಎಂದೆ.

“ಹಂಗಾದ್ರೆ ನೀವು ಹೊರಗೆ ಕೂತ್ಕಳಿ,” ಎಂದರು ಸಿಸ್ಟರ್.

ಒಂದು ಕ್ಷಣ ಮನಸ್ಸಿಗೆ ಚುಚ್ಚಿತು. ಇಷ್ಟೆಲ್ಲ ಮಾಡಿದವನು ನಾನು, ನನ್ನನ್ನೇ ಹೊರಗೆ ಕಳಿಸುವುದೇ? ಆಮೇಲೆ, ಅವರು ಹೇಳಿದ್ದೇ ಸರಿ ಎನಿಸಿ ಚೀಲ ಎತ್ತಿಕೊಂಡು ಬೆಂಚಿನ ಕೊನೆಗೆ ಹೋಗಿ ಕೂತೆ. ಪಕ್ಕದಲ್ಲಿ ಟವೆಲು ಹೊದ್ದ ಒಬ್ಬ ರೈತ ಸರಿದು ಜಾಗ ಕೊಟ್ಟ.

ಸಿಸ್ಟರ್ ಬಾಗಿಲು ತೆರೆದು ಮೊದಲನೆಯವರನ್ನು ಕರೆದರು. ಬಾಗಿಲು ಹಾಕಿಕೊಂಡಿತು. ಬಹಳ ಹೊತ್ತು ತೆರೆಯಲಿಲ್ಲ. ಬೆಂಚಿನಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ಹೊತ್ತೆಂದರೆ ಏನೋ ಇದೆ. ಆ ಹೆಂಗಸು ಹೊರಗೆ ಬಂದು ಸೆರಗು ಸರಿಮಾಡಿಕೊಂಡು ಹೋದಳು. ಎರಡನೆಯವರು ಒಳಗೆ ಹೋದರು. ಅಷ್ಟೇ ಹೊತ್ತು. ಮೂರನೆಯವರೂ ಅಷ್ಟೇ. ಆಗ ನನಗೆ ತಿಳಿಯಿತು. ಏನೂ ಇಲ್ಲದವರನ್ನೂ ಅವರು ಇದ್ದವರಷ್ಟೇ ಹೊತ್ತು ಕೂರಿಸಿಕೊಳ್ಳುತ್ತಿದ್ದರು. ಹೊರಗೆ ಕೂತು ಎಷ್ಟು ಲೆಕ್ಕ ಹಾಕಿದರೂ ಯಾರದು ಏನೆಂದು ಹೇಳಲಾಗುತ್ತಿರಲಿಲ್ಲ. ಟವೆಲಿನ ರೈತನೂ ಹೋಗಿಬಂದು ಬಸ್ಸಿಗೆಂದು ರಸ್ತೆಯಂಚಿನಲ್ಲಿ, ಕ್ಲಿನಿಕ್ಕಿನ ಬಾಗಿಲು ಕಾಣುವಲ್ಲಿ ನಿಂತ. ಕೊನೆಗೆ ಬೆಂಚಿನಲ್ಲಿ ಉಳಿದವನು ನಾನೊಬ್ಬನೇ.

“ಬನ್ನಿ,” ಎಂದರು ನನ್ನನ್ನು ನೋಡಿ.

“ನಾನ್ಯಾಕೆ?”

“ಸಾಲಲ್ಲಿ ಕೂತಿದ್ರಲ್ಲ. ಬನ್ನಿ.”

ಒಳಗೆ ಬಾಗಿಲು ಹಾಕಿ ನನ್ನೆದುರು ಒಂದು ಲೋಟ ಮಜ್ಜಿಗೆ ಇಟ್ಟರು. ತೆರೆ ಆರಿತ್ತು. ಎಷ್ಟು ಜನರದು ಬಂತು ಎಂದು ಬಾಯಿಗೆ ಬಂದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. “ಮಜ್ಜಿಗೆ ಕುಡೀರಿ, ಉಪ್ಪು ಸರಿ ಅದೆಯಾ ನೋಡಿ,” ಎಂದರು. ಸೊಂಟ ನೋವಿಗೆ ಎರಡು ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಮಜ್ಜಿಗೆ ಮುಗಿಸಿದೆ, ಆದರೂ ಅವರು ಏಳಲಿಲ್ಲ. ಅವರ ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟದ್ದಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ. ತಮ್ಮ ಲೆಕ್ಕಕ್ಕೆ ಹೊತ್ತು ತುಂಬಿದ ಮೇಲೆ ಎದ್ದು ಬಾಗಿಲು ತೆರೆದರು.

ಬಸ್ಸು ಬಂತು. ನಾನು ಕಿಟಕಿಯ ಪಕ್ಕ ಕೂತೆ. ಟವೆಲಿನ ರೈತ ಹತ್ತಿದ, ನನ್ನ ಪಕ್ಕದ ಖಾಲಿ ಜಾಗ ನೋಡಿದ, ನನ್ನನ್ನು ನೋಡಿದ, ಕಂಬ ಹಿಡಿದು ನಿಂತುಕೊಂಡ. ಆಮೇಲೆ ಹತ್ತಿದವರ ಕಿವಿಯಲ್ಲಿ ಏನೋ ಹೇಳಿದ. ಅವರ್ಯಾರೂ ಕೂರಲಿಲ್ಲ. ಬಸ್ಸು ಒಂದು ತಿರುವು ದಾಟಿದ ಮೇಲೆ ಅವನಿಗೇ ತಡೆಯಲಾಗಲಿಲ್ಲ.

“ನಿಮಗೂ ಬಂತಾ ಸ್ವಾಮಿ?” ಎಂದು ಕೇಳಿದ, ಕನಿಕರದಿಂದಲೇ.

ಮೈಯೆಲ್ಲ ಉರಿಯಿತು. ನನಗೇನೂ ಇಲ್ಲ, ನಾನು ವೈರ್ ಎಳೆಯಲು ಬಂದವನು, ನನ್ನ ರಕ್ತ ಯಾರೂ ತೆಗೆದಿಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ತೆರೆದೂ ಆಗಿತ್ತು. ಆದರೆ ನನ್ನದಲ್ಲ ಎಂದರೆ ಇನ್ನು ಯಾರದು ಎಂದು ಈ ಬಸ್ಸು ಹುಡುಕಲು ಶುರು ಮಾಡುತ್ತದೆ. ಬೆಂಚಿನಲ್ಲಿದ್ದವರು ಏಳೆಂಟೇ ಮಂದಿ.

ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕಣ್ಣು ಮುಚ್ಚಿಕೊಂಡೆ. ಶಿರಾಳಕೊಪ್ಪ ಬರುವವರೆಗೂ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.